ಹಾಸ್ಟೆಲ್ ವೈಫೈಗೆಂದು ಕೊಡುವ ಸರ್ಟಿಫಿಕೇಟ್ ಫೈಲನ್ನು ನಿಮ್ಮ ಫೋನಿಗೆ ಹಾಕಬೇಡಿ

ದಾವಣಗೆರೆಯ ಒಂದು ಕಾಲೇಜು ಹಾಸ್ಟೆಲಿನಲ್ಲಿ ಹೊಸದಾಗಿ ಸೇರಿದವರ ವಾಟ್ಸಾಪ್ ಗ್ರೂಪಿಗೆ ಒಂದು ಚಿಕ್ಕ ಫೈಲ್ ಬಂತು. ಇದನ್ನು ಇನ್‌ಸ್ಟಾಲ್ ಮಾಡಿಕೊಂಡವರಿಗೆ ಮಾತ್ರ ವೈಫೈ ಎಂಬ ಸೂಚನೆಯೂ ಬಂತು. ಎಲ್ಲರೂ ಹಾಕಿಕೊಂಡರು. ಆಮೇಲೆ ಒಬ್ಬ ವಿದ್ಯಾರ್ಥಿನಿ ತನ್ನ ಆರೋಗ್ಯದ ಬಗ್ಗೆ ಕ್ರೋಮ್‌ನಲ್ಲಿ ಹುಡುಕಿದ್ದು ವಾರ್ಡನ್‌ಗೆ ಗೊತ್ತಾಗಿ, ಊರಲ್ಲಿದ್ದ ಅಪ್ಪನಿಗೆ ಫೋನ್ ಹೋಯಿತು. ಆ ಹುಡುಗಿ ಯಾವ ನಿಯಮವನ್ನೂ ಮುರಿದಿರಲಿಲ್ಲ. ಜಗಳೂರು, ಹೊಸದುರ್ಗ, ಚಳ್ಳಕೆರೆ ಕಡೆಯಿಂದ ಓದಲು ಬರುವ ಎಷ್ಟೋ ಮಕ್ಕಳಿಗೆ ಇರುವುದು ಒಂದೇ ಫೋನು. ಸ್ಕಾಲರ್‌ಶಿಪ್ಪಿನ ಎಸ್‌ಎಸ್‌ಪಿ, ಪರೀಕ್ಷೆಯ ಯುಯುಸಿಎಂಎಸ್, ಬ್ಯಾಂಕು ಎಲ್ಲವೂ ಅದರಲ್ಲೇ.

ಸರ್ಟಿಫಿಕೇಟ್ ಹಾಕದ ಫೋನು ಕಾಲೇಜಿನ ವೈಫೈಯಲ್ಲಿದ್ದಾಗ ಫೈರ್‌ವಾಲ್‌ಗೆ (ಕಾಲೇಜಿನ ಇಂಟರ್ನೆಟ್ಟಿನ ಬಾಗಿಲು ಕಾಯುವ ಪೆಟ್ಟಿಗೆಗೆ) ಕಾಣುವುದು ಇಷ್ಟು: ಯಾರ ಲಾಗಿನ್, ಯಾವ ಸೈಟಿನ ಹೆಸರು, ಎಷ್ಟು ಹೊತ್ತಿಗೆ, ಎಷ್ಟು ಡೇಟಾ. ಏನು ಹುಡುಕಿದಿರಿ, ಯಾವ ಪಾಸ್‌ವರ್ಡ್ ಒತ್ತಿದಿರಿ ಎಂಬುದನ್ನು ಎಚ್‌ಟಿಟಿಪಿಎಸ್ ಎಂಬ ಗೂಢಲಿಪಿ ವ್ಯವಸ್ಥೆ ಮುಚ್ಚಿರುತ್ತದೆ. ಗ್ರೂಪಿಗೆ ಬಂದಂಥ ಫೈಲು ರೂಟ್ ಸರ್ಟಿಫಿಕೇಟ್, ಅಂದರೆ ಯಾರನ್ನು ನಂಬಬೇಕೆಂದು ಫೋನಿಗೆ ಹೇಳುವ ಫೈಲು. ಅದನ್ನು ಹಾಕಿದಿರೋ, ಫೈರ್‌ವಾಲ್ ನಡುವೆ ನಿಂತು ತಾನು ತೆರೆಯಬೇಕೆಂದ ಸೈಟುಗಳಿಗೆಲ್ಲ ತಾನೇ ಸರ್ಟಿಫಿಕೇಟ್, ಅಂದರೆ ಸೈಟಿನ ಗುರುತಿನ ಚೀಟಿ, ತಯಾರಿಸಿ ಕೊಡುತ್ತದೆ. ಬ್ರೌಸರ್ ಅದನ್ನು ನಂಬುವುದರಿಂದ ಎಚ್ಚರಿಕೆಯ ಪುಟ ಬರುವುದೇ ಇಲ್ಲ, ನೀವು ಹುಡುಕಿದ್ದು, ಒತ್ತಿದ್ದು ಫೈರ್‌ವಾಲ್‌ಗೆ ಕಾಣುತ್ತದೆ. ಇನ್‌ಕಾಗ್ನಿಟೊದಿಂದಲೂ ಪ್ರಯೋಜನವಿಲ್ಲ. ಆಂಡ್ರಾಯ್ಡ್ 7ರಿಂದೀಚೆಗೆ ಹೀಗೆ ಕೈಯಾರೆ ಹಾಕಿದ ಸರ್ಟಿಫಿಕೇಟನ್ನು ಸಾಮಾನ್ಯವಾಗಿ ಆಪ್‌ಗಳು ಒಪ್ಪುವುದಿಲ್ಲ, ಕ್ರೋಮ್ ಒಪ್ಪುತ್ತದೆ. ಹಾಸ್ಟೆಲ್ ವೈಫೈಯಲ್ಲಿ ಬ್ಯಾಂಕ್ ಆಪ್ ಮುಷ್ಕರ ಹೂಡಿ ಕ್ರೋಮ್ ಮಾತ್ರ ಸರಾಗವಾಗಿ ನಡೆದರೆ ಅನುಮಾನಿಸಿ.

ಕಾಲೇಜಿನವರು ಒಳ್ಳೆಯವರೇ ಇರಬಹುದು, ಅಪಾಯ ಅಲ್ಲಿಗೇ ಮುಗಿಯುವುದಿಲ್ಲ. ಅಹಮದಾಬಾದಿನ ಸೈಬರೋಮ್ ಕಂಪನಿಯ ಫೈರ್‌ವಾಲ್‌ಗಳಲ್ಲೆಲ್ಲ ಒಂದೇ ಸರ್ಟಿಫಿಕೇಟ್, ಒಂದೇ ಗುಪ್ತ ಕೀ ಇದ್ದದ್ದನ್ನು 2012ರಲ್ಲಿ ಇಂಟರ್ನೆಟ್ ಖಾಸಗಿತನಕ್ಕಾಗಿ ಕೆಲಸ ಮಾಡುವ ಟಾರ್ ಪ್ರಾಜೆಕ್ಟ್ ಬಯಲು ಮಾಡಿತು. ಅಂದರೆ ಒಂದು ಕಡೆ ಅದನ್ನು ನಂಬಿದ ಕಂಪ್ಯೂಟರನ್ನು ಬೇರೆ ಊರಿನ ಅದೇ ಮಾದರಿಯ ಪೆಟ್ಟಿಗೆಯೂ ಓದಬಹುದಿತ್ತು. ಕಂಪನಿ ಆಮೇಲೆ ಸರಿಪಡಿಸಿತು. ಕೀ ಕದ್ದವರು ಯಾರೇ ಆಗಲಿ, ನೀವು ಕಾಲೇಜು ಬಿಟ್ಟ ಮೇಲೂ ನಿಮ್ಮ ಫೋನು ಅವರನ್ನು ನಂಬುತ್ತಲೇ ಇರುತ್ತದೆ.

ಒಂದು ವ್ಯತ್ಯಾಸ ಚೆನ್ನಾಗಿ ನೆನಪಿಡಿ. ಆಂಡ್ರಾಯ್ಡ್ 11 ಮತ್ತು ಮುಂದಿನವುಗಳಲ್ಲಿ ಸರ್ಟಿಫಿಕೇಟ್ ಹಾಕಲು ಹೋದರೆ ಮೂರು ಆಯ್ಕೆ ಬರುತ್ತವೆ: ಸಿಎ ಸರ್ಟಿಫಿಕೇಟ್, ವಿಪಿಎನ್ ಮತ್ತು ಆಪ್ ಯೂಸರ್ ಸರ್ಟಿಫಿಕೇಟ್, ವೈಫೈ ಸರ್ಟಿಫಿಕೇಟ್. ಕೊನೆಯದು ವೈಫೈ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುವುದಕ್ಕಷ್ಟೇ, ಅದರಿಂದ ಭಯವಿಲ್ಲ. ಮೇಲೆ ಹೇಳಿದ ರೂಟ್ ಸರ್ಟಿಫಿಕೇಟ್ ಸೇರುವುದು ಸಿಎ ಆಯ್ಕೆಯಲ್ಲಿ, ಸಿಎ ಒತ್ತಿ ಎಂದು ಹೇಳಿದರೆ ಅಲ್ಲೇ ನಿಲ್ಲಿಸಿ. ನಿಮ್ಮ ಡೇಟಾ ಖಾಸಗಿಯಾಗಿ ಉಳಿಯುವುದಿಲ್ಲ ಎಂದು ಫೋನೇ ಆಗ ಎಚ್ಚರಿಸುತ್ತದೆ.

ಈಗಾಗಲೇ ಹಾಕಿದ್ದರೆ ಸೆಟ್ಟಿಂಗ್ಸ್‌ನಲ್ಲಿ 'ಕ್ರೆಡೆನ್ಷಿಯಲ್ಸ್' ಎಂದು ಹುಡುಕಿ, ಟ್ರಸ್ಟೆಡ್ ಕ್ರೆಡೆನ್ಷಿಯಲ್ಸ್‌ನ 'ಯೂಸರ್' ವಿಭಾಗದಲ್ಲಿರುವುದನ್ನು ತೆಗೆಯಿರಿ. 'ಸಿಸ್ಟಮ್' ವಿಭಾಗ ಮುಟ್ಟಬೇಡಿ. ಐಫೋನಿನಲ್ಲಿ ಜನರಲ್, ವಿಪಿಎನ್ ಮತ್ತು ಡಿವೈಸ್ ಮ್ಯಾನೇಜ್‌ಮೆಂಟ್ ಒಳಗಿನ ಪ್ರೊಫೈಲ್ ಅಳಿಸಿ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ 'ಮ್ಯಾನೇಜ್ ಯೂಸರ್ ಸರ್ಟಿಫಿಕೇಟ್ಸ್' ತೆರೆದು ಟ್ರಸ್ಟೆಡ್ ರೂಟ್ ಪಟ್ಟಿಯಲ್ಲಿ ಕಾಲೇಜಿನ ಅಥವಾ ಫೈರ್‌ವಾಲ್ ಕಂಪನಿಯ ಹೆಸರಿನದನ್ನು ಮಾತ್ರ ತೆಗೆಯಿರಿ. ಇಷ್ಟಾದ ಮೇಲೆಯೇ, ಅದೂ ಮೊಬೈಲ್ ಡೇಟಾದಲ್ಲಿ, ಪಾಸ್‌ವರ್ಡ್ ಬದಲಿಸಿ, ಎಲ್ಲ ಡಿವೈಸ್‌ಗಳಿಂದ ಸೈನ್ ಔಟ್ ಮಾಡಿ. ಮೊದಲೇ ಬದಲಿಸಿದರೆ ಹೊಸ ಪಾಸ್‌ವರ್ಡೂ ಅದೇ ಫೈರ್‌ವಾಲ್ ಮೂಲಕ ಹೋಗುತ್ತದೆ.

ವೈಫೈ ಲಾಗಿನ್‌ಗೆ ರಿಜಿಸ್ಟರ್ ನಂಬರ್, ಪಾಸ್‌ವರ್ಡಿಗೆ ಹುಟ್ಟಿದ ದಿನ ಕೊಟ್ಟಿದ್ದರೆ ಇವತ್ತೇ ಬದಲಿಸಿ. ಬೇರೆಯವರು ನಿಮ್ಮ ಲಾಗಿನ್‌ನಲ್ಲಿ ಏನು ಮಾಡಿದರೂ ಲಾಗ್‌ನಲ್ಲಿ ನಿಮ್ಮ ಹೆಸರು ಬೀಳುತ್ತದೆ.

ಕಾನೂನೇ ಹಾಗಿದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನ 180 ದಿನ ಲಾಗ್ ಇಡಲು ಹೇಳುತ್ತದೆ, ವಿದ್ಯಾರ್ಥಿಗಳ ಪುಟ ಬಿಚ್ಚಿ ಓದಲು ಹೇಳುವುದಿಲ್ಲ. ಏನೇನು ದಾಖಲಾಗುತ್ತದೆ, ಎಷ್ಟು ದಿನ ಇರುತ್ತದೆ, ಯಾರು ನೋಡುತ್ತಾರೆ ಎಂದು ಪ್ರಾಂಶುಪಾಲರಿಗೆ ನಾಲ್ಕೈದು ಜನ ಸೇರಿ ಬರೆದುಕೊಡಿ, ಸ್ವೀಕೃತಿ ಪಡೆಯಿರಿ. ಉತ್ತರ ಬರುವವರೆಗೆ ಕಾಲೇಜಿನ ಕೆಲಸಕ್ಕೆ ಲ್ಯಾಬಿನ ಕಂಪ್ಯೂಟರ್, ಸ್ವಂತದ್ದಕ್ಕೆ ಮೊಬೈಲ್ ಡೇಟಾ ಬಳಸಿ.