ಮೈಕ್, ಕರಪತ್ರ, ವಾಟ್ಸ್‌ಆಪ್, ಡೇರಿ: ಜನರನ್ನು ಕರೆತಂದದ್ದು ಯಾವುದು?

ಕಳೆದ ಮಾಗಿಯಲ್ಲಿ ನಮ್ಮೂರಿನಲ್ಲಿ ಉಚಿತ ಕಣ್ಣಿನ ತಪಾಸಣಾ ಶಿಬಿರ ಏರ್ಪಡಿಸಿದ್ದೆವು. ಪ್ರಚಾರದ ಹೊಣೆ ನನ್ನ ತಲೆಗೆ ಬಿತ್ತು. ಆಟೋಗೆ ಮೈಕ್ ಕಟ್ಟಿಸಿದೆ, ಪತ್ರಿಕೆಗಳ ಒಳಗೆ ಕರಪತ್ರ ಇಡಿಸಿದೆ, ವಾಟ್ಸ್‌ಆಪ್ ಗುಂಪುಗಳಿಗೆ ಸಂದೇಶ ಹಾಕಿದೆ, ಆಶಾ ಕಾರ್ಯಕರ್ತೆಗೂ ಹಾಲಿನ ಡೇರಿಯ ಕಾರ್ಯದರ್ಶಿಗೂ ಹೇಳಿಬಂದೆ. ಶಿಬಿರದ ದಿನ ಹೆಸರು ಬರೆದುಕೊಳ್ಳುವ ಮೇಜಿಗೆ ನಾನೇ ಕುಳಿತು, ಬಂದವರನ್ನೆಲ್ಲ ‘ನಿಮಗೆ ಹೇಗೆ ತಿಳಿಯಿತು?’ ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಗೀಟು ಎಳೆಯುತ್ತ ಹೋದೆ.

ಮೈಕ್ ಎಲ್ಲರ ಕಿವಿಗೂ ಬಿದ್ದಿತ್ತು. ಆದರೆ ಬಿದ್ದದ್ದೆಷ್ಟು? ಆಟೋ ಬೀದಿಯ ಈ ತುದಿಗೆ ಬಂದಾಗ ‘ಆತ್ಮೀಯ ಬಂಧುಗಳೇ’, ಆ ತುದಿ ದಾಟುವಾಗ ‘ಸದುಪಯೋಗ ಪಡೆದುಕೊಳ್ಳಿ’. ನಡುವಿನ ದಿನ, ಸ್ಥಳ, ಆಧಾರ್ ಕಾರ್ಡು ಎಲ್ಲವೂ ನಾಯಿಗಳ ಬೊಗಳಾಟದಲ್ಲಿ ಮುಳುಗಿಹೋಗಿದ್ದವು. ಕರಪತ್ರದ್ದು ಇದಕ್ಕೆ ತದ್ವಿರುದ್ಧ. ಬಹುಪಾಲು ಪ್ರತಿಗಳು ಮಿರ್ಚಿ ಕಟ್ಟುವುದಕ್ಕೆ ಹೋದವು, ಓದಿ ಬಂದವರು ಬೆರಳೆಣಿಕೆಯಷ್ಟು. ಆದರೆ ಆಧಾರ್ ಕಾರ್ಡು, ಹಳೆಯ ಔಷಧಿ ಚೀಟಿ ಹಿಡಿದು ಹೇಳಿದ ಹೊತ್ತಿಗೆ ಬಂದವರೂ ಅವರೇ.

ವಾಟ್ಸ್‌ಆಪ್ ಬಗ್ಗೆ ನನಗೆ ಬಹಳ ಭರವಸೆಯಿತ್ತು. ಗುಂಪುಗಳಲ್ಲಿ ಕೈಮುಗಿದ ಚಿತ್ರಗಳ ಸುರಿಮಳೆ. ಸಂದೇಶ ಐದು ಕೈ ದಾಟಿದರೆ ಅದರ ಮೇಲೆ ಎರಡು ಬಾಣದ ಗುರುತು ಬೀಳುತ್ತದೆ. ನಮ್ಮದಕ್ಕೂ ಅದು ಬಿದ್ದಾಗ ಹಿಗ್ಗಿದೆ. ‘ಎರಡು ಬಾಣ ಇದ್ದದ್ದೆಲ್ಲ ಸುಳ್ಳು ಸುದ್ದಿ ಎಂದು ನಾನು ತೆರೆಯುವುದೇ ಇಲ್ಲ’ ಎಂದರು ನಮ್ಮ ಭಾವ. ಕೈಮುಗಿದವರಲ್ಲಿ ಹೆಚ್ಚಿನವರಿಗೆ ಕಣ್ಣಿನ ತೊಂದರೆಯೂ ಇರಲಿಲ್ಲ. ಬೆಂಗಳೂರಿನಲ್ಲಿರುವ ಮಗ ಅದನ್ನು ಓದಿ ಊರಿನ ತಾಯಿಗೆ ಕರೆ ಮಾಡಿ ಕಳಿಸಿದ್ದುಂಟು. ಅದನ್ನು ಯಾರ ಲೆಕ್ಕಕ್ಕೆ ಬರೆಯಬೇಕು?

ಲೆಕ್ಕ ಪೂರ್ತಿ ಕೆಟ್ಟದ್ದು ಒಬ್ಬ ಅಜ್ಜಿಯಿಂದ. ‘ಮೈಕಿನವನು ಕೂಗಿದನಪ್ಪ. ಮೊಮ್ಮಗಳು ಮೊಬೈಲಿನಲ್ಲೂ ತೋರಿಸಿದಳು. ನಾನೇನು ಹೊರಟಿರಲಿಲ್ಲ. ಡೇರಿಯವನ ತಾಯಿ ಹೋದ ವರ್ಷ ಪೊರೆ ತೆಗೆಸಿಕೊಂಡು ಈಗ ಅಕ್ಕಿಯ ಕಲ್ಲು ತಾನೇ ಆರಿಸುತ್ತಾಳೆ. ನೋಡಿದೆ, ಬಂದೆ.’

1940ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಸಮಾಜಶಾಸ್ತ್ರಜ್ಞ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ಒಹಾಯೊ ರಾಜ್ಯದ ಈರಿ ಕೌಂಟಿಯ ಮತದಾರರನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ಮಾತನಾಡಿಸಿ ಕಂಡುಕೊಂಡದ್ದೂ ಇಂಥದ್ದೇ. ರೇಡಿಯೋ, ಪತ್ರಿಕೆಗಳ ಮಾತು ಮೊದಲು ಊರಿನ ಕೆಲವು ನೆಚ್ಚಿನವರನ್ನು ತಲುಪಿ, ಅವರ ಬಾಯಿಂದ ಉಳಿದವರಿಗೆ ಹೋಗುತ್ತದೆ ಎಂದರು ಅವರು. ನಮ್ಮಲ್ಲಿ ಆ ಬಾಯಿ ಬೆಳಿಗ್ಗೆ ಆರಕ್ಕೆ ಡೇರಿಯಲ್ಲಿ ಹಾಲು ಅಳೆಯುತ್ತಿತ್ತು.

ಹಾಗೆಂದು ಬಾಯಿಮಾತಿಗೆ ಪೂರ್ತಿ ಅಂಕ ಕೊಡಲಾರೆ. ಕೆಳಗಿನ ಕೇರಿಯಲ್ಲಿ ಒಬ್ಬ ಹಿರಿಯರು ‘ಚಳಿಯಲ್ಲಿ ಕಣ್ಣಿಗೆ ಕತ್ತರಿ ಹಾಕಿಸಿದರೆ ಗಾಯ ಮಾಯುವುದಿಲ್ಲ’ ಎಂದಿದ್ದರಂತೆ. ಆಶಾ ಕಾರ್ಯಕರ್ತೆ ಎರಡು ಸಲ ಮನೆಮನೆ ಸುತ್ತಿದರೂ ಆ ಕೇರಿಯಿಂದ ಒಬ್ಬರೂ ಬರಲಿಲ್ಲ.

ಮುಂದಿನ ಸಲ ಮೈಕಿಗೆ ದಿನ ಮತ್ತು ಸ್ಥಳ ಮಾತ್ರ ಕೊಡುತ್ತೇನೆ. ಕರಪತ್ರವನ್ನು ಪತ್ರಿಕೆಯೊಳಗೆ ಇಡಿಸದೆ ಡೇರಿಯಲ್ಲೇ ಹಂಚಿಸುತ್ತೇನೆ. ವಾಟ್ಸ್‌ಆಪ್ ಸಂದೇಶದಲ್ಲಿ ‘ಈ ಭಾನುವಾರ’ ಎಂದು ಬರೆದು ತಾರೀಖು ಬಿಟ್ಟದ್ದು ನನ್ನದೇ ತಪ್ಪು. ಯುಗಾದಿ ಕಳೆದ ಮೇಲೂ ಹೊಸದುರ್ಗದ ಕಡೆಯಿಂದ ಒಬ್ಬರು ಕರೆ ಮಾಡಿದ್ದರು: ‘ಈ ಭಾನುವಾರ ಎಷ್ಟು ಗಂಟೆಗೆ ಬರಬೇಕು ಸರ್?’