ಪ್ಯಾಡ್ಲೆಟ್ ಗೋಡೆಯ ಮೇಲೆ ಮೂರು ವರ್ಷ

ಧಾರವಾಡದ ಒಂದು ಅಂತಾರಾಷ್ಟ್ರೀಯ ಶಾಲೆಯಲ್ಲಿ ಆರನೆಯ ತರಗತಿಗೆ ಪಾಠ ಹೇಳುತ್ತೇನೆ. ಮೂರು ವರ್ಷಗಳಿಂದ ನಮ್ಮ ತರಗತಿಗೂ ಫಿನ್‌ಲೆಂಡಿನ ಒಂದು ಶಾಲೆಗೂ ಅಂತರಜಾಲದ ಮೂಲಕ ನಂಟಿದೆ. ಇಂಥ ಕೆಲಸಕ್ಕೆ ಹೊಸದಾಗಿ ಕೈಹಾಕುವ ಶಿಕ್ಷಕರು ಮೊದಲು ಕೇಳುವುದು "ಯಾವ ವಿಡಿಯೊ ಆ್ಯಪ್ ಒಳ್ಳೆಯದು?" ಎಂದು. ನಾನೂ ಅದನ್ನೇ ಕೇಳಿದ್ದೆ. ಈಗ ಯಾರಾದರೂ ಕೇಳಿದರೆ, ವಿಡಿಯೊ ಆಮೇಲೆ ನೋಡೋಣ, ಮೊದಲು ಒಂದು ಗೋಡೆ ಕಟ್ಟಿ ಎನ್ನುತ್ತೇನೆ.

ಗೋಡೆ ಎಂದರೆ ಪ್ಯಾಡ್ಲೆಟ್ ಎಂಬ ಜಾಲತಾಣದ ಪುಟ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಶಾಲೆಯ ಗೋಡೆಪತ್ರಿಕೆಯನ್ನು ನೆನಪಿಸಿಕೊಳ್ಳಿ. ಮಕ್ಕಳು ಬರೆದದ್ದು, ಬಿಡಿಸಿದ್ದು, ಧ್ವನಿ, ಫೋಟೊ ಎಲ್ಲವನ್ನೂ ಒಂದೇ ಪುಟದಲ್ಲಿ ಅಂಟಿಸಬಹುದು, ಕೆಳಗೆ ಉತ್ತರ ಬರೆಯಬಹುದು. ಕೊಂಡಿ ಕಳಿಸಿದರೆ ಸಾಕು, ಮಕ್ಕಳು ಖಾತೆ ತೆರೆಯಬೇಕಾಗಿಲ್ಲ. ಭೂಪಟದ ಮೇಲೆ ಅಂಟಿಸುವ ಸೌಲಭ್ಯವೂ ಇದೆ. ಮೊದಲ ವರ್ಷ ನಮ್ಮ ಮಕ್ಕಳು ನವಲೂರಿನ ಪೇರಲ, ರಾಷ್ಟ್ರಧ್ವಜ ತಯಾರಾಗುವ ಬೆಂಗೇರಿ, ಉಣಕಲ್ ಕೆರೆ, 1,507 ಮೀಟರ್ ಉದ್ದದ ಹುಬ್ಬಳ್ಳಿ ರೈಲು ಪ್ಲಾಟ್‌ಫಾರ್ಮ್ ಎಲ್ಲಕ್ಕೂ ಗುರುತು ಹಾಕಿದರು. "ಅಷ್ಟು ಉದ್ದ ನಡೆಯಲು ಎಷ್ಟು ಹೊತ್ತು ಬೇಕು?" ಎಂದು ಆ ಕಡೆಯಿಂದ ಪ್ರಶ್ನೆ ಬಂತು. ಭಾನುವಾರ ಮೂವರು ಹುಡುಗರು ಅಪ್ಪಂದಿರನ್ನು ಎಳೆದುಕೊಂಡು, ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ನಡೆದು ಬಂದರು. ಇಪ್ಪತ್ತಾರು ನಿಮಿಷ. ಚಹಾ ಕುಡಿಯಲು ನಿಂತ ಸಮಯ ಅದರಲ್ಲಿ ಸೇರಿದೆ ಎಂದು ಪ್ರಾಮಾಣಿಕವಾಗಿ ಬರೆದಿದ್ದರು.

ಇದಕ್ಕೆ ಹೋಲಿಸಿದರೆ ನಮ್ಮ ಮೊದಲ ವಿಡಿಯೊ ಕರೆ ಮದುವೆ ಮನೆಯ ಗ್ರೂಪ್ ಫೋಟೊದಂತಿತ್ತು. ಒಂದು ಕ್ಯಾಮೆರಾ, ಇಪ್ಪತ್ನಾಲ್ಕು ಮಕ್ಕಳು. ಮಾತನಾಡಿದ್ದು ಯಾವಾಗಲೂ ಮಾತನಾಡುವ ಮೂವರು. ಉಳಿದವರು ಪರದೆಯ ಮೂಲೆಯಲ್ಲಿ ತಮ್ಮ ಮುಖ ತಾವೇ ನೋಡಿಕೊಂಡು ತಲೆ ಬಾಚಿಕೊಂಡರು. ಝೂಮ್‌ನ ಉಚಿತ ಕರೆಗೆ ನಲವತ್ತು ನಿಮಿಷದ ಮಿತಿ. ಅಷ್ಟು ಹೊತ್ತು ತುಂಬಿಸುವುದೇ ನಮಗೆ ಕಷ್ಟವಾಯಿತು.

ಎರಡನೆಯ ಕರೆಯ ಕಥೆ ಬೇರೆ. ಫಿನ್‌ಲೆಂಡ್ ಬೇಸಿಗೆಯಲ್ಲಿ ನಮಗಿಂತ ಎರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಮೂರೂವರೆ. ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ. ಇದು ನನಗೆ ಗೊತ್ತಿತ್ತು, ಆದರೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮರುದಿನ ಸೋಮವಾರ ಹನ್ನೊಂದೂವರೆಗೆ ಮಕ್ಕಳನ್ನು ಸಾಲಾಗಿ ಕೂರಿಸಿದೆ. ಪರದೆ ಖಾಲಿ. ಅವರು ತಮ್ಮ ಒಂಬತ್ತು ಗಂಟೆಗೆ ಸರಿಯಾಗಿ ಕಾಣಿಸಿಕೊಂಡಾಗ ನಮ್ಮಲ್ಲಿ ಹನ್ನೆರಡೂವರೆ, ಊಟದ ಗಂಟೆ ಹೊಡೆದು ಡಬ್ಬಿಗಳು ತೆರೆದಿದ್ದವು. ರೊಟ್ಟಿ, ಶೇಂಗಾ ಚಟ್ನಿ, ಒಬ್ಬಳ ಡಬ್ಬಿಯಲ್ಲಿ ಗಿರ್ಮಿಟ್.

ಆ ಕಡೆಯ ಒಬ್ಬ ಹುಡುಗ, ಎಲ್ಲರೂ ಮನೆಯಿಂದ ಊಟ ಏಕೆ ತಂದಿದ್ದೀರಿ ಎಂದು ಕೇಳಿದ. ಅಲ್ಲಿ 1948ರಿಂದ ಶಾಲೆಯ ಮಕ್ಕಳಿಗೆಲ್ಲ ಮಧ್ಯಾಹ್ನದ ಊಟ ಉಚಿತ, ಶ್ರೀಮಂತರ ಮಕ್ಕಳಿಗೂ ಅದೇ ತಟ್ಟೆ. ನಮ್ಮವರು ನಕ್ಕರು, ಕರೆ ಮುಗಿಯಿತು. ಪ್ರಶ್ನೆ ಅಲ್ಲಿಗೇ ಹೋಗಿಬಿಡುತ್ತಿತ್ತು. ನಾನು ಅದನ್ನು ಗೋಡೆಗೆ ಅಂಟಿಸಿದೆ. ಮೂರು ದಿನ ಯಾರೂ ಏನೂ ಬರೆಯಲಿಲ್ಲ. ನಾಲ್ಕನೆಯ ದಿನ, ತರಗತಿಯಲ್ಲಿ ಬಾಯಿಯೇ ಬಿಡದ ಒಬ್ಬ ಹುಡುಗಿ ಬರೆದಳು: "ನಮ್ಮ ಶಾಲೆಯಲ್ಲಿ ಡಬ್ಬಿ. ನಮ್ಮ ಓಣಿಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಉಚಿತ. ವ್ಯಾನಿನಲ್ಲಿ ಬರುತ್ತದೆ. ನಾನು ಅಮ್ಮನ ಜೊತೆ ಹೋಗಿ ನೋಡಿದೆ." ಜೊತೆಗೆ ಸ್ಟೀಲಿನ ದೊಡ್ಡ ಡಬ್ಬಗಳ ಒಂದು ಚಿತ್ರ. ಕರ್ನಾಟಕದಲ್ಲಿ 2002ರಲ್ಲಿ ಶುರುವಾದ ಬಿಸಿಯೂಟದ ಬಗ್ಗೆ ನಮ್ಮ ಅರ್ಧ ತರಗತಿಗೆ ಗೊತ್ತಾದದ್ದು ಫಿನ್‌ಲೆಂಡಿನ ಹುಡುಗನಿಂದ. ಸ್ವಲ್ಪ ನಾಚಿಕೆಯ ವಿಷಯವೇ. ಶಾಲೆಯ ಹೆಸರಿನಲ್ಲಿ 'ಅಂತಾರಾಷ್ಟ್ರೀಯ' ಎಂದು ಬರೆದುಕೊಂಡವರಿಗೆ ಓಣಿಯ ಕೊನೆ ಕಾಣುವುದಿಲ್ಲ.

ಧ್ವನಿ ಅಂಟಿಸುವ ಸೌಲಭ್ಯದ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಒಬ್ಬ ಹುಡುಗ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವಾಗ 'ಟಿ' ಒಂದನ್ನು ಹೆಚ್ಚಿಗೆ ಒತ್ತಿದ. "ಅಜ್ಜಿ ದಿನಾ ರಾತ್ರಿ ನನಗೆ ಕತ್ತೆ ಹೇಳುತ್ತಾಳೆ" ಎಂದಾಯಿತು. ಕೆಳಗೆ ನಗುವೋ ನಗು. ಏನಾಯಿತು ಎಂದು ಫಿನ್‌ಲೆಂಡಿನ ಮಕ್ಕಳು ಕೇಳಿದರು. ನಮ್ಮವರು ಕತೆ, ಕತ್ತೆ ಎರಡನ್ನೂ ಕನ್ನಡದಲ್ಲಿ ಬರೆದು, ಓದಿ, ಧ್ವನಿ ಹಾಕಿದರು. ಅರ್ಧ ದಿನದಲ್ಲಿ ಉತ್ತರ ಬಂತು: ನಮ್ಮಲ್ಲೂ ಹೀಗೆಯೇ, 'ಕುಕ' ಎಂದರೆ ಯಾರು, 'ಕುಕ್ಕ' ಎಂದರೆ ಹೂವು. ಇಂಗ್ಲಿಷ್ ಶಿಕ್ಷಕಿಯಾದ ನನಗೆ ಈ ಒತ್ತಿನ ವ್ಯತ್ಯಾಸವನ್ನು ಇಂಗ್ಲಿಷಿನಲ್ಲಿ ತೋರಿಸಲು ಉದಾಹರಣೆಯೇ ಸಿಗಲಿಲ್ಲ. ಆಮೇಲೆ ಎರಡು ವಾರ ಗೋಡೆಯ ಮೇಲೆ ಒತ್ತಕ್ಷರಗಳದ್ದೇ ಜಾತ್ರೆ. ಅಲ್ಲಿನ ಒಬ್ಬಳು 'ಕತ್ತೆ'ಯನ್ನು ಎಷ್ಟು ಅಚ್ಚುಕಟ್ಟಾಗಿ ಹೇಳಿದಳೆಂದರೆ, ಊರಿನವರೇ ಯಾರೋ ಬೈಯುತ್ತಿದ್ದಾರೆ ಎನಿಸಿತು.

ಕಿರಿಕಿರಿಗಳೂ ಇವೆ. ಶಿಕ್ಷಕರು ಒಪ್ಪಿದ ಮೇಲೆಯೇ ಬರಹ ಕಾಣುವಂತೆ ಮಾಡುವ ವ್ಯವಸ್ಥೆ ಪ್ಯಾಡ್ಲೆಟ್‌ನಲ್ಲಿದೆ. ಮೊದಲ ವಾರ ನಾನು ಅದನ್ನು ಹಾಕಿರಲಿಲ್ಲ. ಹೆಸರಿಲ್ಲದ ಒಂದು ಬರಹ ನಮ್ಮ ಹುಡುಗನೊಬ್ಬನನ್ನು 'ಡುಮ್ಮ' ಎಂದು ಎರಡು ದೇಶಗಳ ಮುಂದೆ ಕರೆಯಿತು. ತಪ್ಪು ನನ್ನದೇ. ಈಗ ಪ್ರತಿ ರಾತ್ರಿ ಊಟವಾದ ಮೇಲೆ ಮೂವತ್ತು ನಲವತ್ತು ಬರಹಗಳನ್ನು ಒಂದೊಂದಾಗಿ ನೋಡಿ ಬಿಡುತ್ತೇನೆ. ಈ ಕೆಲಸಕ್ಕೆ ಸಂಬಳದಲ್ಲಿ ಜಾಗವಿಲ್ಲ, ಇದನ್ನು ಮೊದಲೇ ತಿಳಿದುಕೊಳ್ಳಿ. ಮುಖದ ಫೋಟೊ ಬೇಡ, ಮನೆತನದ ಹೆಸರು ಬೇಡ ಎಂಬುದು ಆ ಕಡೆಯ ಶಿಕ್ಷಕಿ ಮೊದಲ ದಿನವೇ ಹಾಕಿದ ಷರತ್ತು. ನಮ್ಮ 2023ರ ದತ್ತಾಂಶ ರಕ್ಷಣೆ ಕಾಯ್ದೆಯೂ ಹದಿನೆಂಟು ತುಂಬದವರ ವಿವರಕ್ಕೆ ಪೋಷಕರ ಒಪ್ಪಿಗೆ ಕೇಳುತ್ತದೆ. ಒಪ್ಪಿಗೆ ಪತ್ರ ಬರೆಸಿಕೊಳ್ಳಲು ಒಂದು ತಿಂಗಳು ಹೋಯಿತು.

ಇನ್ನು ಬಾಳಿಕೆ. ಮಕ್ಕಳು ಚಿಕ್ಕ ವಿಡಿಯೊ ಹಾಕುತ್ತಿದ್ದ ಫ್ಲಿಪ್ 2024ರ ಜುಲೈಯಲ್ಲಿ ಪ್ರತ್ಯೇಕ ಸೇವೆಯಾಗಿ ಇಲ್ಲವಾಯಿತು, ಪರದೆಯ ಮೇಲಿನ ಬರೆಯುವ ಹಲಗೆಯಾಗಿದ್ದ ಗೂಗಲ್ ಜಾಮ್‌ಬೋರ್ಡ್ ಅದೇ ವರ್ಷದ ಡಿಸೆಂಬರ್ 31ಕ್ಕೆ, ಸ್ಕೈಪ್ 2025ರ ಮೇ 5ಕ್ಕೆ ಮುಚ್ಚಿತು. ಮೂರೂ ತರಗತಿಗಳಲ್ಲಿ ಓಡಾಡಿದ್ದ ಹೆಸರುಗಳೇ. ಪ್ಯಾಡ್ಲೆಟ್ ಇದೆ ಎಂದು ನಾನು ನೆಮ್ಮದಿಯಿಂದ ಕುಳಿತಿಲ್ಲ. ಉಚಿತ ಖಾತೆಯಲ್ಲಿ ಬೆರಳೆಣಿಕೆಯ ಗೋಡೆಗಳಿಗಷ್ಟೇ ಅವಕಾಶ, ಹೊಸದು ಬೇಕೆಂದರೆ ಹಳೆಯದನ್ನು ತೆಗೆಯಬೇಕು, ಇಲ್ಲವೇ ಹಣ ಕಟ್ಟಬೇಕು. ನಮ್ಮ ಆಡಳಿತ ಮಂಡಳಿ ಸ್ಮಾರ್ಟ್ ಬೋರ್ಡಿಗೆ ಲಕ್ಷಗಳಲ್ಲಿ ಯೋಚಿಸುತ್ತದೆ, ಇದಕ್ಕೆ ಮಾತ್ರ "ನೋಡೋಣ" ಎನ್ನುತ್ತದೆ.

ಈ ಜೂನ್‌ನಲ್ಲಿ ಹೊಸ ತಂಡ ಬಂದಾಗ ಒಂದು ಗೋಡೆ ಅಳಿಸಲೇಬೇಕಾಯಿತು. ಪಿಡಿಎಫ್ ಮಾಡಿಟ್ಟುಕೊಳ್ಳಬಹುದು, ಆದರೆ ಅದರಲ್ಲಿ ಧ್ವನಿ ಉಳಿಯುವುದಿಲ್ಲವಲ್ಲ. ಎರಡು ಸಂಜೆ ಕುಳಿತು ಒಂದೊಂದೇ ಧ್ವನಿಯನ್ನು ಇಳಿಸಿಕೊಂಡೆ. ಹಳೆಯ ತಂಡದ ಇಬ್ಬರು ಸಹಾಯಕ್ಕೆ ಬಂದು, ಆ ಪೆನ್‌ಡ್ರೈವ್‌ಗೆ 'ಕತ್ತೆ' ಎಂದು ಕನ್ನಡದಲ್ಲಿ ಚೀಟಿ ಅಂಟಿಸಿ ಹೋದರು. ಒತ್ತು ಸರಿಯಾಗಿದೆ.