‘ಇವತ್ತು ನೀರು, ನಾಳೆ ಮೀನು’ ಅಂದರೆ ನಂಬಬೇಡಿ: ಹೊಸ ಅಕ್ವೇರಿಯಂನಲ್ಲಿ ಮೀನುಗಳು ಸಾಯುವುದು ಯಾಕೆ

ಹೊಸದಾಗಿ ಅಕ್ವೇರಿಯಂ ಇಡಬೇಕು ಅಂದುಕೊಂಡಿದ್ದರೆ ದಯವಿಟ್ಟು ಇದನ್ನು ಓದಿ ಆಮೇಲೆ ಮೀನು ಕೊಳ್ಳಿ. ಟ್ಯಾಂಕ್ ಇವತ್ತೇ ತನ್ನಿ, ತೊಂದರೆ ಇಲ್ಲ. ಮೀನು ಮಾತ್ರ ಅದೇ ದಿನ ಬೇಡ, ಮರುದಿನವೂ ಬೇಡ. ಈಗಾಗಲೇ ತಂದಾಗಿದೆ, ಒಂದೊಂದೇ ಸಾಯುತ್ತಿವೆ ಅನ್ನುವವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಿ. ತಕ್ಷಣ ಏನು ಮಾಡಬೇಕು ಅಂತ ಅಲ್ಲಿ ಬರೆದಿದ್ದೇನೆ. ಉಳಿದದ್ದನ್ನು ನಿಧಾನವಾಗಿ ಓದಬಹುದು.

ನಾನು ಕೊಂಡದ್ದು ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ಟ್ಯಾಂಕ್. ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ಇದು ನನ್ನ ಮೊದಲ ಟ್ಯಾಂಕ್ ಅಂತ ಮಾರುವವರಿಗೆ ಮೊದಲೇ ಹೇಳಿದ್ದೆ. ಅವರು ಫಿಲ್ಟರ್, ಏರ್ ಪಂಪ್, ಲೈಟ್, ಕೆಳಗೆ ಹಾಸುವ ಕಲ್ಲು ಎಲ್ಲ ಕೊಟ್ಟರು. ನಲ್ಲಿ ನೀರು ತುಂಬಿ, ಆ್ಯಂಟಿ-ಕ್ಲೋರಿನ್ ಹನಿ ಹಾಕಿ, ಒಂದು ರಾತ್ರಿ ಫಿಲ್ಟರ್ ಓಡಿಸಿ, ನಾಳೆ ಮೀನು ಬಿಡಿ ಅಂದರು. ಮೀನುಗಳನ್ನೂ ಅವರೇ ಆರಿಸಿದರು: ಒಂದಷ್ಟು ನಿಯಾನ್ ಟೆಟ್ರಾ, ಗಪ್ಪಿ, ಎರಡು ಗೋಲ್ಡ್ ಫಿಶ್, ಗಾಜು ಕ್ಲೀನ್ ಮಾಡಲಿಕ್ಕೆ ಅಂತ ಒಂದು ಸಕ್ಕರ್ ಫಿಶ್.

ಮೊದಲ ಒಂದೆರಡು ದಿನ ಎಲ್ಲವೂ ಚೆನ್ನಾಗಿತ್ತು. ನೀರು ತಿಳಿಯಾಗಿತ್ತು, ಮೀನುಗಳು ಓಡಾಡಿಕೊಂಡಿದ್ದವು. ಆಮೇಲೆ ಟೆಟ್ರಾಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡತೊಡಗಿದವು. ಈಜುರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ಒಂದೇ ಕಡೆ ನಿಲ್ಲುತ್ತಿದ್ದವು. ಗೋಲ್ಡ್ ಫಿಶ್‌ಗಳ ಕಿವಿರು ಕೆಂಪಾಗಿತ್ತು. ಮೊದಲು ಹೋದದ್ದು ಟೆಟ್ರಾಗಳು. ಬೆಳಿಗ್ಗೆ ಎದ್ದು ಟ್ಯಾಂಕಿನ ಕಡೆ ನೋಡಲಿಕ್ಕೇ ಭಯವಾಗುತ್ತಿತ್ತು.

ಅಂಗಡಿಗೆ ಫೋಟೋ ತೋರಿಸಿದರೆ ‘ಇದು ಫಂಗಸ್’ ಅಂದರು. ನೀರು ನೀಲಿಯಾಗುವ ಔಷಧಿ ಕೊಟ್ಟರು. ಹಾಕಿದ ಮೇಲೆ ಗಪ್ಪಿಗಳೂ ಸಾಯತೊಡಗಿದವು. ಮತ್ತೆ ಕೇಳಿದರೆ, ಎಲ್ಲ ನೀರು ಚೆಲ್ಲಿ, ಕಲ್ಲು, ಫಿಲ್ಟರಿನ ಸ್ಪಂಜು ಎಲ್ಲವನ್ನೂ ನಲ್ಲಿ ಕೆಳಗೆ ಉಜ್ಜಿ ತೊಳೆದು ಹೊಸದಾಗಿ ಶುರು ಮಾಡಿ ಅಂದರು. ಜೊತೆಗೆ ಇನ್ನಷ್ಟು ಮೀನು ಕೊಟ್ಟರು. ಈ ಸಲ ನೀರು ಮೊದಲು ಹಾಲಿನಂತೆ ಬಿಳಿಯಾಯಿತು, ಆಮೇಲೆ ಅದೇ ಕಥೆ. ಹೊಸ ಮೀನುಗಳೂ ಹೋದವು.

ಕೊನೆಗೆ, ವರ್ಷಗಳಿಂದ ಮೀನು ಸಾಕುತ್ತಿರುವ ಪರಿಚಯದವರೊಬ್ಬರ ಹತ್ತಿರ ಹೇಳಿಕೊಂಡೆ. ಅವರು ಮೀನಿನ ಬಗ್ಗೆ ಏನೂ ಕೇಳಲಿಲ್ಲ. ‘ಅಮೋನಿಯಾ ಎಷ್ಟಿದೆ?’ ಅಂತ ಕೇಳಿದರು. ಟ್ಯಾಂಕ್ ಮಾರಿದವರ ಬಾಯಲ್ಲಿ ಆ ಶಬ್ದ ಒಮ್ಮೆಯೂ ಬಂದಿರಲಿಲ್ಲ. ಮರುದಿನ ಅವರೇ ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ತಂದರು. ಅಮೋನಿಯಾ ಇಲ್ಲದಿದ್ದರೆ ಹಳದಿಯಾಗಬೇಕಿದ್ದ ನೀರು ಕಡು ಹಸಿರಾಯಿತು. ಕಿಟ್ಟಿನ ಜೊತೆ ಬರುವ ಬಣ್ಣದ ಪಟ್ಟಿಗೆ ಹೋಲಿಸಿದರೆ 4 ಪಿಪಿಎಂ, ಅಂದರೆ ಲೀಟರಿಗೆ 4 ಮಿಲಿಗ್ರಾಂ. ಇರಬೇಕಾದದ್ದು ಸೊನ್ನೆ. ಪಿಎಚ್, ಅಂದರೆ ನೀರು ಆಮ್ಲವೋ ಕ್ಷಾರವೋ ಅಂತ ತೋರಿಸುವ ಅಳತೆ (7 ಅಂದರೆ ಮಧ್ಯ), 8 ಇತ್ತು. ಫಂಗಸ್ ಎಲ್ಲೂ ಇರಲೇ ಇಲ್ಲ.

ಆಗಿದ್ದೇನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಅರ್ಥವಾದರೆ ಯಾರ ತಪ್ಪು ಸಲಹೆಯೂ ನಿಮ್ಮ ಮೀನುಗಳನ್ನು ಕೊಲ್ಲಲಾರದು.

ಮೀನು ಅಮೋನಿಯಾವನ್ನು ಹೊರಹಾಕುತ್ತಲೇ ಇರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಹೋಗುವುದು ಕಿವಿರಿನ ಮೂಲಕ. ತಿನ್ನದೆ ಉಳಿದ ಆಹಾರ, ಹಿಕ್ಕೆ, ಸತ್ತ ಎಲೆ ಕೊಳೆತರೂ ಅಮೋನಿಯಾವೇ. ನದಿ, ಕೆರೆಯಲ್ಲಿ ನೀರು ಅಗಾಧವಾಗಿರುತ್ತದೆ, ಗಿಡ, ಪಾಚಿ, ಬ್ಯಾಕ್ಟೀರಿಯಾ ಇರುತ್ತವೆ. ಹೊಸ ಟ್ಯಾಂಕಿನಲ್ಲಿ ಅದ್ಯಾವುದೂ ಇಲ್ಲ. ಬಂದ ಅಮೋನಿಯಾ ಅಲ್ಲೇ ಸೇರುತ್ತಾ ಹೋಗುತ್ತದೆ. ಅದಕ್ಕೆ ಬಣ್ಣ ಇಲ್ಲ, ಈ ಮಟ್ಟದಲ್ಲಿ ವಾಸನೆಯೂ ಗೊತ್ತಾಗುವುದಿಲ್ಲ. ನೀರು ತಿಳಿಯಾಗಿದೆ ಅಂದ ಮಾತ್ರಕ್ಕೆ ಏನೂ ಹೇಳಲಾಗದು.

ಹಳೆಯ ಟ್ಯಾಂಕ್‌ಗಳಲ್ಲಿ ಮೀನು ಬದುಕುವುದು ಎರಡು ಬಗೆಯ ಬ್ಯಾಕ್ಟೀರಿಯಾಗಳಿಂದ. ಒಂದು ಬಗೆ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೈಟ್ ಕೂಡ ವಿಷವೇ. ಅದು ರಕ್ತ ಸೇರಿ ಹಿಮೋಗ್ಲೋಬಿನ್ ಆಮ್ಲಜನಕ ಹೊರದಂತೆ ಮಾಡುತ್ತದೆ. ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ನೀರಿನಲ್ಲಿ ಆಮ್ಲಜನಕ ಬೇಕಾದಷ್ಟಿದ್ದರೂ ಮೀನು ಉಸಿರುಗಟ್ಟಿ ಸಾಯುತ್ತದೆ. ನೈಟ್ರೇಟ್ ಅಷ್ಟು ಅಪಾಯವಲ್ಲ. ಆಗಾಗ ನೀರು ಬದಲಿಸಿ ಅದನ್ನು 20ರಿಂದ 40 ಪಿಪಿಎಂ ಒಳಗೆ ಇಟ್ಟುಕೊಂಡರೆ ಸಾಕು.

ತೊಡಕು ಏನೆಂದರೆ ಈ ಬ್ಯಾಕ್ಟೀರಿಯಾಗಳು ತುಂಬಾ ನಿಧಾನ. ಕೊಳೆ ತಿನ್ನುವ ಮಾಮೂಲಿ ಬ್ಯಾಕ್ಟೀರಿಯಾ ಗಂಟೆಯೊಳಗೇ ದುಪ್ಪಟ್ಟಾಗಬಲ್ಲದು. ಇವು ದುಪ್ಪಟ್ಟಾಗಲು ಹೆಚ್ಚು ಕಡಿಮೆ ಒಂದು ದಿನವೇ ಬೇಕು. ಫಿಲ್ಟರಿನ ಸ್ಪಂಜು, ಕಲ್ಲು, ಗಾಜು ಇವುಗಳ ಮೇಲೆ ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಇದಕ್ಕೇ ಮೀನು ಸಾಕುವವರು ‘ಸೈಕಲ್ ಆಗುವುದು’ ಅನ್ನುತ್ತಾರೆ. ಒಂದು ರಾತ್ರಿ ಫಿಲ್ಟರ್ ಓಡಿಸಿದರೆ ಆಗುವುದು ನೀರು ಸುತ್ತುವುದಷ್ಟೇ. ಖಾಲಿ ಟ್ಯಾಂಕನ್ನು ತಿಂಗಳುಗಟ್ಟಲೆ ಸುಮ್ನೆ ಓಡಿಸಿದರೂ ಅಷ್ಟೇ. ತಿನ್ನಲು ಅಮೋನಿಯಾ ಇಲ್ಲದಿದ್ದರೆ ಆ ಬ್ಯಾಕ್ಟೀರಿಯಾ ಬೆಳೆಯುವುದೇ ಇಲ್ಲ.

ಇದೇನು ಹೊಸ ಸಂಶೋಧನೆ ಅಲ್ಲ. ಅಮೋನಿಯಾದಿಂದಲೇ ಬದುಕುವ ಈ ಜೀವಿಗಳನ್ನು ಸೆರ್ಗೆಯ್ ವಿನೋಗ್ರಾಡ್‌ಸ್ಕಿ ಎಂಬ ವಿಜ್ಞಾನಿ 1890ರ ಸುಮಾರಿಗೇ ಬೇರ್ಪಡಿಸಿ ತೋರಿಸಿದ್ದರು. ಮೀನು ಮಾರುವುದನ್ನೇ ಕಸುಬು ಮಾಡಿಕೊಂಡವರು ಇದನ್ನು ಕೊಳ್ಳುವವರಿಗೆ ಹೇಳದೆ ಇರುವುದನ್ನು ನಾನು ಒಪ್ಪಲಾರೆ. ಮೀನು ಸತ್ತಷ್ಟೂ ಹೊಸ ಮೀನು ಮಾರಾಟವಾಗುತ್ತದೆ, ಔಷಧಿ ಮಾರಾಟವಾಗುತ್ತದೆ. ಸಾಯುವ ಜೀವಕ್ಕೆ ಆಗುವ ಹಿಂಸೆ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಈಗ ನನಗೆ ಸಿಕ್ಕ ಸಲಹೆಗಳನ್ನು ನೋಡಿ. ನೀಲಿ ಔಷಧಿ, ಅಂದರೆ ಮಿಥಿಲೀನ್ ಬ್ಲೂ, ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೆ ಹಾನಿ ಮಾಡುತ್ತದೆ. ಕೆಲವು ಆ್ಯಂಟಿಬಯೋಟಿಕ್‌ಗಳೂ ಹಾಗೇ. ಇಲ್ಲದ ರೋಗಕ್ಕೆ ಔಷಧಿ ಹಾಕಿ, ಮೀನುಗಳನ್ನು ಕಾಪಾಡಬಹುದಾಗಿದ್ದ ಬ್ಯಾಕ್ಟೀರಿಯಾವನ್ನೇ ಕೊಂದ ಹಾಗಾಯಿತು. ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯುವುದು ಅದಕ್ಕಿಂತ ಕೆಟ್ಟ ಸಲಹೆ. ಆ ಹೊತ್ತಿಗೆ ಸ್ವಲ್ಪವಾದರೂ ಕೂತಿದ್ದ ಬ್ಯಾಕ್ಟೀರಿಯಾಗಳನ್ನು ನಲ್ಲಿಯ ಕ್ಲೋರಿನ್ ಕೊಲ್ಲುತ್ತದೆ. ಎಲ್ಲ ಮತ್ತೆ ಮೊದಲಿನಿಂದ. ಸ್ಪಂಜು ತೀರಾ ಕಟ್ಟಿಕೊಂಡಿದ್ದರೆ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಬಕೆಟ್ಟಿನಲ್ಲಿ ಒಂದೆರಡು ಸಲ ಹಿಂಡಿ ವಾಪಸ್ ಹಾಕಿ. ಕಂದು ಬಣ್ಣ ಉಳಿದರೆ ಉಳಿಯಲಿ. ನೀರು ಬಿಳಿಯಾಗಿದ್ದು ಕೂಡ ಗಾಬರಿ ಬೀಳುವ ವಿಷಯ ಆಗಿರಲಿಲ್ಲ. ಅದು ಕೊಳೆ ತಿನ್ನುವ ಬೇರೆ ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚಿದ್ದು. ಬಿಟ್ಟರೆ ತಾನಾಗೇ ತಿಳಿಯಾಗುತ್ತದೆ, ಆಹಾರ ಕಡಿಮೆ ಮಾಡಿ ಗಾಳಿ ಚೆನ್ನಾಗಿ ಆಡಿಸಿದರೆ ಆಯಿತು.

ಪಿಎಚ್ ವಿಷಯ ಬಹಳ ಜನ ಬಿಟ್ಟುಬಿಡುತ್ತಾರೆ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ. ಅಮೋನಿಯಂ ರೂಪ ಅಷ್ಟು ಅಪಾಯವಲ್ಲ. ಇನ್ನೊಂದು ರೂಪ, ಅಂದರೆ ‘ಬಿಡಿ ಅಮೋನಿಯಾ’ (ಫ್ರೀ ಅಮೋನಿಯಾ), ವಿಷ. ಟೆಸ್ಟ್ ಕಿಟ್ ಸಾಮಾನ್ಯವಾಗಿ ಎರಡನ್ನೂ ಸೇರಿಸಿ ತೋರಿಸುತ್ತದೆ. 25 ಡಿಗ್ರಿ ಬಿಸಿಯ ನೀರಿನಲ್ಲಿ ಪಿಎಚ್ 7 ಇದ್ದರೆ ವಿಷದ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ. ಪಿಎಚ್ 8 ಆದರೆ ನೂರಕ್ಕೆ 5ರಷ್ಟು. ಅಂದರೆ ನನ್ನ ಟ್ಯಾಂಕಿನಲ್ಲಿ ಬಿಡಿ ಅಮೋನಿಯಾ ಸುಮಾರು 0.2 ಪಿಪಿಎಂ. 0.05 ದಾಟಿದರೇ ಕಿವಿರಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. ‘ನನ್ನ ಸ್ನೇಹಿತ ಹೀಗೇ ಬಿಟ್ಟ, ಅವನ ಮೀನು ಸಾಯಲಿಲ್ಲ’ ಅನ್ನುವುದಕ್ಕೆ ಹಲವು ಸಲ ಕಾರಣ ಇದೇ, ಅವನ ನೀರಿನ ಪಿಎಚ್ ಬೇರೆ ಇರುತ್ತದೆ. ಹಾಗಂತ ಅಂಗಡಿಯಿಂದ ಪಿಎಚ್ ಇಳಿಸುವ ದ್ರವ ತಂದು ಸುರಿಯಬೇಡಿ. ಪಿಎಚ್ ಒಮ್ಮೆಲೇ ಏರಿಳಿದರೂ ಮೀನಿಗೆ ಪೆಟ್ಟು. 6ರ ಹತ್ತಿರ ಇಳಿದರೆ ಆ ಬ್ಯಾಕ್ಟೀರಿಯಾಗಳ ಕೆಲಸವೂ ನಿಂತುಹೋಗುತ್ತದೆ. ಬರೀ ಆರ್‌ಒ ನೀರು ತುಂಬಿದ ಟ್ಯಾಂಕಿನಲ್ಲಿ ಪಿಎಚ್ ಹೀಗೆ ಕುಸಿಯುವುದುಂಟು, ಯಾಕೆಂದರೆ ಅದನ್ನು ಹಿಡಿದು ನಿಲ್ಲಿಸುವ ಕಾರ್ಬೊನೇಟ್ ಅದರಲ್ಲಿ ಹೆಚ್ಚು ಕಡಿಮೆ ಇರುವುದೇ ಇಲ್ಲ.

ಮೀನಿನ ಆಯ್ಕೆ ಬಗ್ಗೆಯೂ ಒಂದು ಮಾತು. ಗೋಲ್ಡ್ ಫಿಶ್ ತುಂಬಾ ಹೊಲಸು ಮಾಡುವ ಮೀನು, ಅಂಗೈಯಷ್ಟು ದೊಡ್ಡದಾಗುತ್ತದೆ, ತಂಪು ನೀರು ಇಷ್ಟ. ಟೆಟ್ರಾಗೆ ಬೆಚ್ಚಗಿನ ನೀರು ಬೇಕು. ಇವೆರಡನ್ನೂ ಒಟ್ಟಿಗೆ ಇಡಬಾರದು. ಸಕ್ಕರ್ ಫಿಶ್ ಅಂತ ಮಾರುವ ಮೀನು ಒಂದಡಿ ದಾಟಿ ಬೆಳೆಯುತ್ತದೆ. ಅದು ಟ್ಯಾಂಕ್ ಕ್ಲೀನ್ ಮಾಡುತ್ತದೆ ಅನ್ನುವುದು ಸುಳ್ಳು. ಅದರ ಹಿಕ್ಕೆಯೇ ಒಂದು ರಾಶಿ ಆಗುತ್ತದೆ.

ಹಾಗಾದರೆ ಸರಿಯಾಗಿ ಶುರು ಮಾಡುವುದು ಹೇಗೆ? ಮೀನು ಇಲ್ಲದೆ ಮಾಡಿ. ಟ್ಯಾಂಕ್ ತುಂಬಿ, ಕ್ಲೋರಿನ್ ತೆಗೆದು, ಫಿಲ್ಟರ್ ಓಡಿಸಿ. ಅಮೋನಿಯಂ ಕ್ಲೋರೈಡ್, ಅಥವಾ ಸೋಪು, ಸುಗಂಧ ಏನೂ ಬೆರೆಸದ ಅಮೋನಿಯಾ ದ್ರಾವಣ ಹಾಕಿ 2 ಪಿಪಿಎಂಗೆ ತನ್ನಿ. ಒಂದೆರಡು ದಿನಕ್ಕೊಮ್ಮೆ ಟೆಸ್ಟ್ ಮಾಡಿ. ಮೊದಲು ಅಮೋನಿಯಾ ಇಳಿದು ನೈಟ್ರೈಟ್ ಏರುತ್ತದೆ. ಆಮೇಲೆ ನೈಟ್ರೈಟ್ ಇಳಿದು ನೈಟ್ರೇಟ್ ಏರುತ್ತದೆ. ಮಧ್ಯೆ ಅಮೋನಿಯಾ ಸೊನ್ನೆಗೆ ಬಂದಾಗಲೆಲ್ಲ ಮತ್ತೆ ಸ್ವಲ್ಪ ಹಾಕಿ. ಹಾಕಿದ 2 ಪಿಪಿಎಂ ಅಷ್ಟೂ 24 ಗಂಟೆಯೊಳಗೆ ಹೋಗಿ, ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದರೆ ಟ್ಯಾಂಕ್ ತಯಾರು. ಆಗ ಮುಕ್ಕಾಲು ಪಾಲು ನೀರು ಬದಲಿಸಿ, ಮೊದಲು ಕೆಲವೇ ಮೀನು ಬಿಡಿ.

ಬೇಗ ಆಗಬೇಕು ಅಂದರೆ ನಿಜವಾಗಿ ಕೆಲಸ ಮಾಡುವ ದಾರಿ ಒಂದಿದೆ. ಆರೋಗ್ಯವಾಗಿರುವ ಹಳೆ ಟ್ಯಾಂಕ್ ಯಾರ ಹತ್ತಿರವಾದರೂ ಇದ್ದರೆ, ಅವರ ಫಿಲ್ಟರಿನ ಸ್ಪಂಜಿನ ಒಂದು ತುಂಡು ಕೇಳಿ. ಒಣಗಲು ಬಿಡದೆ ತಂದು ನಿಮ್ಮ ಫಿಲ್ಟರಿಗೆ ಹಾಕಿ. ಬ್ಯಾಕ್ಟೀರಿಯಾ ಇರುವುದು ಅದರಲ್ಲಿ. ಹಳೆ ಟ್ಯಾಂಕಿನ ನೀರು ತಂದರೆ ಹೇಳಿಕೊಳ್ಳುವಷ್ಟು ಪ್ರಯೋಜನ ಇಲ್ಲ. ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಕೆಲವೊಮ್ಮೆ ನೆರವಾಗುತ್ತದೆ, ಕೆಲವೊಮ್ಮೆ ಇಲ್ಲ. ಬಾಟಲಿ ಮೇಲೆ ಏನೇ ಬರೆದಿರಲಿ, ಟೆಸ್ಟ್ ಸೊನ್ನೆ ತೋರಿಸುವವರೆಗೆ ಮೀನು ಬೇಡ.

ಮೀನು ಈಗಲೇ ಒದ್ದಾಡುತ್ತಿದ್ದರೆ ಇಷ್ಟು ಮಾಡಿ.

ಮೊದಲು ಅರ್ಧದಷ್ಟು ನೀರು ಬದಲಿಸಿ. ಟೆಸ್ಟ್ ಕಿಟ್ ಬರಲಿ ಅಂತ ಕಾಯಬೇಡಿ. ಹೊಸ ನೀರಿನ ಕ್ಲೋರಿನ್ ತೆಗೆದಿರಬೇಕು, ಬಿಸಿ ಹೆಚ್ಚು ಕಡಿಮೆ ಟ್ಯಾಂಕಿನಷ್ಟೇ ಇರಬೇಕು. ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ, ಆದರೆ ನೀರಿಗೆ ಕ್ಲೋರಮೈನ್ (ಕ್ಲೋರಿನ್, ಅಮೋನಿಯಾ ಸೇರಿ ಆಗುವ ರಾಸಾಯನಿಕ) ಹಾಕುವ ಊರಾದರೆ ಹಾಗೆ ಹೋಗುವುದಿಲ್ಲ. ಮಾಮೂಲಿ ಆ್ಯಂಟಿ-ಕ್ಲೋರಿನ್ ಹಾಕಿದರೆ ಕ್ಲೋರಮೈನ್ ಒಡೆದು ಅಮೋನಿಯಾ ಉಳಿಯುತ್ತದೆ. ಅಂಥಲ್ಲಿ ಅಮೋನಿಯಾವನ್ನೂ ಹಿಡಿದಿಡುವ ಕಂಡೀಷನರ್ ಬೇಕು. ನೀರು ಬದಲಿಸಿದರೆ ಬ್ಯಾಕ್ಟೀರಿಯಾ ಹೋಗಿಬಿಡುತ್ತದೆ ಅಂತ ಕೆಲವರು ಹೆದರಿಸುತ್ತಾರೆ. ಕೇಳಬೇಡಿ. ಅವು ನೀರಿನಲ್ಲಿ ತೇಲುವುದಕ್ಕಿಂತ ಹೆಚ್ಚಾಗಿ ಸ್ಪಂಜು, ಕಲ್ಲಿಗೆ ಅಂಟಿಕೊಂಡಿರುತ್ತವೆ.

ಏರ್ ಪಂಪ್ ಜೋರಾಗಿ ಓಡಿಸಿ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಸತ್ತ ಮೀನು, ಉಳಿದ ಆಹಾರ ತಕ್ಷಣ ತೆಗೆಯಿರಿ. ಎರಡು ದಿನ ಆಹಾರವನ್ನೇ ಹಾಕಬೇಡಿ, ಮರಿಯಲ್ಲದ, ಬೆಳೆದ ಮೀನಿಗೆ ಏನೂ ಆಗುವುದಿಲ್ಲ. ಆಮೇಲೂ ಚಿಟಿಕೆಯಷ್ಟೇ. ಕೋಣೆಯಲ್ಲಿ ಕೀಟನಾಶಕ ಸ್ಪ್ರೇ ಹೊಡೆಯುವ ಅಭ್ಯಾಸ ಇದ್ದರೆ ನಿಲ್ಲಿಸಿ. ಅವುಗಳಲ್ಲಿ ಸಾಮಾನ್ಯವಾಗಿ ಇರುವ ಪೈರೆಥ್ರಾಯ್ಡ್ ಎಂಬ ವಿಷ ಮನುಷ್ಯರಿಗಿಂತ ಮೀನಿಗೆ ಬಹಳ ಹೆಚ್ಚು ಅಪಾಯ.

ಆಮೇಲೆ ಹನಿ ಹಾಕುವ ಟೆಸ್ಟ್ ಕಿಟ್ ತನ್ನಿ. ನೀರಿನಲ್ಲಿ ಅದ್ದಿ ನೋಡುವ ಪಟ್ಟಿಗಿಂತ ಅದು ನಂಬಬಹುದಾದದ್ದು. ಮೊದಲ ವಾರದಲ್ಲಿ ಸಾಯುತ್ತಿದ್ದರೆ ಹೆಚ್ಚಾಗಿ ಅಮೋನಿಯಾ, ಎರಡು ಮೂರು ವಾರ ಕಳೆದ ಮೇಲೆ ಸಾಯುತ್ತಿದ್ದರೆ ನೈಟ್ರೈಟ್ ಕೂಡ ನೋಡಲೇಬೇಕು. ನೈಟ್ರೈಟ್ ಕಂಡರೆ 10 ಲೀಟರ್ ನೀರಿಗೆ 2–3 ಗ್ರಾಂ, ಏನೂ ಬೆರೆಸದ ಉಪ್ಪು ಕರಗಿಸಿ ಹಾಕಿ. ಉಪ್ಪಿನ ಕ್ಲೋರೈಡ್ ಇದ್ದರೆ ಕಿವಿರಿನ ಮೂಲಕ ನೈಟ್ರೈಟ್ ಒಳಗೆ ಹೋಗುವುದು ಕಡಿಮೆಯಾಗುತ್ತದೆ. ದಿನಾ ಟೆಸ್ಟ್ ಮಾಡಿ. ಅಮೋನಿಯಾ ಅಥವಾ ನೈಟ್ರೈಟ್ 0.5 ಪಿಪಿಎಂ ಮುಟ್ಟಿದ ದಿನವೆಲ್ಲ ಮತ್ತೆ ಅರ್ಧ ನೀರು ಬದಲಿಸಿ, ತೆಗೆದ ನೀರಿನ ಲೆಕ್ಕಕ್ಕೆ ಉಪ್ಪೂ ಸೇರಿಸಿ. ಬೇಸರದ ಕೆಲಸ, ವಾರಗಟ್ಟಲೆ ಮಾಡಬೇಕಾಗಬಹುದು. ನನ್ನಲ್ಲಿ ಉಳಿದ ಗೋಲ್ಡ್ ಫಿಶ್ ಬದುಕಿದ್ದು ಹೀಗೆಯೇ.

ಔಷಧಿ ಹಾಕಬೇಡಿ, ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ, ಟ್ಯಾಂಕ್ ಖಾಲಿ ಮಾಡಬೇಡಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು, ನೀರು ಬದಲಿಸದೆಯೇ ಒಂದು ವಾರ ಸೊನ್ನೆಯಲ್ಲೇ ನಿಲ್ಲುವವರೆಗೆ, ಯಾರು ಎಷ್ಟೇ ಒತ್ತಾಯ ಮಾಡಿದರೂ ಹೊಸ ಮೀನು ತರಬೇಡಿ.